ಮೇಷ್ಟ್ರು, ಮೇಸ್ತ್ರಿ ಮತ್ತು ಒಂದು ಡ್ರಾಯರ್

ಕೇಳುಗರಿಗೆ ನಮಸ್ಕಾರ.

ಹದಿನೈದು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಕಾಲೇಜಿನ ಒಳಾಂಗಣ ವಿನ್ಯಾಸ ವಿಭಾಗದಲ್ಲಿ ನಾನು ಆಗ ಪಾಠ ಹೇಳುತ್ತಿದ್ದೆ. ಎರಡನೇ ವರ್ಷದ ಹುಡುಗಿಯೊಬ್ಬಳು ಮಲಗುವ ಕೋಣೆಯ ನಕ್ಷೆ ತಯಾರಿಸಿ ಗೋಡೆಗೆ ಅಂಟಿಸಿ ನಿಂತಿದ್ದಳು. ಇದಕ್ಕೆ ನಮ್ಮಲ್ಲಿ ಜ್ಯೂರಿ ಎನ್ನುತ್ತಾರೆ. ನ್ಯಾಯಾಲಯವೇನೂ ಅಲ್ಲ, ಆದರೆ ಮಕ್ಕಳ ಮುಖ ನೋಡಿದರೆ ಕಟಕಟೆಯಲ್ಲಿ ನಿಂತಂತೆಯೇ ಇರುತ್ತದೆ. ಎದುರಿಗೆ ನಾವು ಮೂವರು ಅಧ್ಯಾಪಕರು. ಮೂವರ ಹೆಸರಿನ ಮುಂದೆಯೂ ಒಂದು ಸಾಲು ಪದವಿಗಳು. ಒಬ್ಬರು ಬಣ್ಣಗಳನ್ನು ಹೊಗಳಿದರು. ಇನ್ನೊಬ್ಬರು ಬೆಳಕಿನ ಬಗ್ಗೆ ಮಾತನಾಡಿದರು. ನಾನು ಅವಕಾಶದ ಹರಿವು ಎಂದೇನೋ ದೊಡ್ಡ ಮಾತು ಹೇಳಿದೆ. ಹಿಂದೆ ಕಿಟಕಿಯ ಚಿಲಕ ಸರಿಮಾಡುತ್ತಿದ್ದ ಆಚಾರಿಯೊಬ್ಬರು ಕೆಲಸ ನಿಲ್ಲಿಸಿ ನಕ್ಷೆ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು: "ಅಮ್ಮಾ, ಈ ಡ್ರಾಯರ್ ಎಳೆದರೆ ಮಂಚಕ್ಕೆ ತಾಗುವುದಿಲ್ಲವೇ?"

ಅಳೆದು ನೋಡಿದೆವು. ಡ್ರಾಯರಿನ ಆಳ ಒಂದೂವರೆ ಅಡಿ. ಅದಕ್ಕೂ ಮಂಚಕ್ಕೂ ನಡುವೆ ಇದ್ದ ಜಾಗ ಒಂದೇ ಅಡಿ.

ಒಳಾಂಗಣ ವಿನ್ಯಾಸದ ಶಾಲೆಯಲ್ಲಿ ಪಾಠ ಹೇಳುವವರು ಯಾರು, ಅವರು ಎಲ್ಲಿಂದ ಬಂದವರು ಎಂದು ಅಂದಿನಿಂದ ಗಮನಿಸುತ್ತಾ ಬಂದಿದ್ದೇನೆ. ವಿಭಾಗದ ಮಾಹಿತಿ ಪುಸ್ತಕ ಕೈಗೆ ಬಂದರೆ ಶುಲ್ಕದ ಪುಟವನ್ನಲ್ಲ, ಅಧ್ಯಾಪಕರ ಪರಿಚಯದ ಪುಟವನ್ನು ಮೊದಲು ತೆರೆಯುತ್ತೇನೆ. ಅಲ್ಲಿ ಪದವಿಗಳ ಹೆಸರು ಇರುತ್ತವೆ, ಪದವಿಗೆ ಮೊದಲು ಆ ಮನುಷ್ಯ ಏನು ಮಾಡುತ್ತಿದ್ದ ಎಂಬುದು ಇರುವುದಿಲ್ಲ. ನನಗೆ ಬೇಕಾದದ್ದು ಅದೇ.

ನಮ್ಮ ಭಾಷೆಯಲ್ಲಿ ಒಂದು ತಮಾಷೆ ಇದೆ, ಗಮನಿಸಿದ್ದೀರೋ ಇಲ್ಲವೋ. ಶಾಲೆಯಲ್ಲಿ ಕಲಿಸುವವರು ಮೇಷ್ಟ್ರು. ಕಟ್ಟಡದ ಕೆಲಸ ಮಾಡಿಸುವವನು ಮೇಸ್ತ್ರಿ. ಮೊದಲನೆಯದು ಇಂಗ್ಲಿಷಿನ ಮಾಸ್ಟರ್, ಎರಡನೆಯದು ಪೋರ್ಚುಗೀಸರಿಂದ ಬಂದದ್ದು. ಎರಡರ ಬೇರೂ ಲ್ಯಾಟಿನ್ನಿನ ಒಂದೇ ಪದ. ಮರಗೆಲಸದವರನ್ನು ನಾವು ಕರೆಯುವ ಆಚಾರಿ ಎಂಬ ಮಾತಂತೂ ಆಚಾರ್ಯ ಎಂಬುದರದೇ ರೂಪ. ಭಾಷೆ ಇವರನ್ನೆಲ್ಲ ಒಂದೇ ಮನೆಯವರೆಂದು ತಿಳಿದಿತ್ತು. ಮನೆ ಪಾಲು ಮಾಡಿದ್ದು ವಿಶ್ವವಿದ್ಯಾಲಯ.

ಈ ಪಾಲು ಒಂದು ಕಡೆ ಅಳಿಸಿಹೋದ ಕಥೆ ಹೇಳುತ್ತೇನೆ. ಲಾಹೋರಿನಲ್ಲಿ 1875ರಲ್ಲಿ ಮೇಯೊ ಕಲಾಶಾಲೆ ಆರಂಭವಾಯಿತು. ಅದರ ಮೊದಲ ಪ್ರಾಂಶುಪಾಲ ಜಾನ್ ಲಾಕ್‌ವುಡ್ ಕಿಪ್ಲಿಂಗ್. ಆತನ ಮಗ ರುಡ್ಯಾರ್ಡ್ ಮುಂದೆ ದೊಡ್ಡ ಲೇಖಕನಾದ, ಹಾಗಾಗಿ ಅಪ್ಪನನ್ನು ಜನ ಮರೆತರು. ಈ ಅಪ್ಪ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕುಂಬಾರಿಕೆಯ ಕಾರ್ಖಾನೆಯಲ್ಲಿ ಕೆಲಸ ಕಲಿತವನು. 1865ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅಧ್ಯಾಪಕನಾಗಿ ಬಂದು, ಹತ್ತು ವರ್ಷದ ಬಳಿಕ ಲಾಹೋರಿಗೆ ಹೋದ. ಅಲ್ಲಿ ಅವನ ಕಣ್ಣಿಗೆ ಬಿದ್ದವನು ಗುರುದಾಸಪುರದ ಕಡೆಯ ಬಡಗಿ ಮನೆತನದ ಹುಡುಗ ರಾಮ್ ಸಿಂಗ್. ಹುಡುಗ ಅಲ್ಲಿ ವಿದ್ಯಾರ್ಥಿಯಾದ, ಆಮೇಲೆ ಅಧ್ಯಾಪಕನಾದ.

ವಿಕ್ಟೋರಿಯಾ ರಾಣಿಗೆ ಆಗ ತನ್ನ ಐಲ್ ಆಫ್ ವೈಟ್ ದ್ವೀಪದ ಆಸ್ಬರ್ನ್ ಅರಮನೆಯಲ್ಲಿ ಭಾರತೀಯ ಶೈಲಿಯ ಔತಣದ ಸಭಾಂಗಣವೊಂದು ಬೇಕಾಗಿತ್ತು. ಅದರ ಒಳಾಂಗಣ ಮಾಡಲು 1891ರಲ್ಲಿ ರಾಮ್ ಸಿಂಗ್ ಇಂಗ್ಲೆಂಡಿಗೆ ಹೋದ. ಸಭಾಂಗಣ ಇಂದಿಗೂ ಇದೆ. ಛಾವಣಿಯ ತುಂಬ ಬಿಳಿಯ ಉಬ್ಬು ಕುಸುರಿ, ಅಗ್ಗಿಷ್ಟಿಕೆಯ ಮೇಲೆ ಗರಿಬಿಚ್ಚಿದ ನವಿಲು. ಅಗ್ಗಿಷ್ಟಿಕೆ ಚಳಿದೇಶದ್ದು, ನವಿಲು ನಮ್ಮದು. ಎರಡನ್ನೂ ಒಂದು ಗೋಡೆಯಲ್ಲಿ ಜಗಳವಾಡದಂತೆ ಕೂರಿಸುವುದೇ ಒಳಾಂಗಣ ವಿನ್ಯಾಸ. ಊರಿಗೆ ಮರಳಿದ ರಾಮ್ ಸಿಂಗ್ ಅಮೃತಸರದ ಖಾಲ್ಸಾ ಕಾಲೇಜಿನಂತಹ ಕಟ್ಟಡಗಳಿಗೂ ವಿನ್ಯಾಸ ಮಾಡಿದ. 1910ರಲ್ಲಿ ಅದೇ ಮೇಯೊ ಶಾಲೆಗೆ ಪ್ರಾಂಶುಪಾಲನಾದ. ಬ್ರಿಟಿಷರ ಕಾಲದಲ್ಲಿ, ಬಡಗಿಯ ಮನೆಯಿಂದ ಬಂದವನೊಬ್ಬ! ಇವತ್ತಿನ ನೇಮಕಾತಿ ಸಮಿತಿಯ ಮುಂದೆ ಆತ ಕುಳಿತಿದ್ದರೆ ಪಿಎಚ್.ಡಿ. ಪ್ರಮಾಣಪತ್ರದ ಜೆರಾಕ್ಸ್ ಕೇಳುತ್ತಿದ್ದರು.

ಆ ಶಾಲೆ ಇಂದು ಪಾಕಿಸ್ತಾನದ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್.

ಇನ್ನು ಜರ್ಮನಿಯ ಬೌಹೌಸ್. ವಿನ್ಯಾಸ ಕಲಿಸುವ ಯಾವ ಊರಿಗೆ ಹೋದರೂ ಈ ಹೆಸರು ಕಿವಿಗೆ ಬೀಳುತ್ತದೆ. 1919ರಲ್ಲಿ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಕಟ್ಟಿದ ಈ ಶಾಲೆಯಲ್ಲಿ ಕಲಿಸುವವರಿಗೆ ಮೊದಲಿಗೆ ಪ್ರೊಫೆಸರ್ ಎಂಬ ಹೆಸರಿರಲಿಲ್ಲ, ಮೈಸ್ಟರ್ ಎಂದಿತ್ತು. ನಮ್ಮ ಮೇಸ್ತ್ರಿಯ ದಾಯಾದಿ. ಒಂದೊಂದು ಕಾರ್ಯಾಗಾರಕ್ಕೂ ಇಬ್ಬರು ಮೈಸ್ಟರ್‌ಗಳು. ರೂಪ ಕಲಿಸಲು ಒಬ್ಬ ಕಲಾವಿದ, ಕಸುಬು ಕಲಿಸಲು ಒಬ್ಬ ಕುಶಲಕರ್ಮಿ. ಕೇಳಲು ಎಷ್ಟು ಚೆಂದ! ಆದರೆ ಶಾಲೆಯ ಮಂಡಳಿಯಲ್ಲಿ ನಿರ್ಣಯದ ಮತ ಇದ್ದದ್ದು ಕಲಾವಿದರಿಗೆ. ಕಸುಬಿನವರು ಸಲಹೆ ಕೊಡಬಹುದಿತ್ತು, ಅಷ್ಟೆ. ಕಲಾವಿದರಾದ ಕ್ಲೇ, ಕ್ಯಾಂಡಿನ್ಸ್ಕಿಯರ ಹೆಸರು ಎಲ್ಲರಿಗೂ ಗೊತ್ತು. ಅವರ ಪಕ್ಕದಲ್ಲಿ ನಿಂತು ಮಕ್ಕಳ ಕೈಗೆ ಉಳಿ ಹಿಡಿಸಿದವರ ಹೆಸರು ವಿನ್ಯಾಸದ ಅಧ್ಯಾಪಕರನ್ನೇ ಕೇಳಿ ನೋಡಿ, ಹೇಳುವವರು ಅಪರೂಪ.

1925ರಲ್ಲಿ ಶಾಲೆ ಡೆಸ್ಸೌ ನಗರಕ್ಕೆ ಹೋದ ಮೇಲೆ ಈ ಜೋಡಿ ಪದ್ಧತಿ ಬಿಟ್ಟಿತು. ಅಷ್ಟರಲ್ಲಿ ರೂಪ, ಕಸುಬು ಎರಡನ್ನೂ ಅಲ್ಲಿಯೇ ಕಲಿತ ಹುಡುಗರು ತಯಾರಾಗಿದ್ದರು. ಮಾರ್ಸೆಲ್ ಬ್ರಾಯರ್ ಅವರಲ್ಲೊಬ್ಬ. ಹಂಗೇರಿಯಿಂದ ಹದಿನೆಂಟನೇ ವಯಸ್ಸಿಗೆ ಬಂದವನು, ಇಪ್ಪತ್ತಮೂರಕ್ಕೆ ಪೀಠೋಪಕರಣ ಕಾರ್ಯಾಗಾರದ ಮುಖ್ಯಸ್ಥ. ತಾನು ಕೊಂಡ ಸೈಕಲ್ಲಿನ ಹ್ಯಾಂಡಲ್ ನೋಡಿ, ಉಕ್ಕಿನ ಕೊಳವೆಯನ್ನು ಹೀಗೆ ಬಗ್ಗಿಸಬಹುದಾದರೆ ಕುರ್ಚಿಯನ್ನೇಕೆ ಮಾಡಬಾರದು ಎಂದು ಯೋಚಿಸಿದ. ಇಂದು ಆಸ್ಪತ್ರೆಯಿಂದ ಮದುವೆ ಮಂಟಪದವರೆಗೆ ನಾವು ಕೂರುವ ಕೊಳವೆ ಕಾಲಿನ ಕುರ್ಚಿಗಳ ವಂಶಾವಳಿ ಆ ಸೈಕಲ್ಲಿಗೆ ಹೋಗಿ ಮುಟ್ಟುತ್ತದೆ. 1937ರಲ್ಲಿ ಅವನೂ ಗ್ರೋಪಿಯಸ್ ಜೊತೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕನಾದ.

ನನಗೆ ಮಾತ್ರ ಬ್ರಾಯರ್‌ಗಿಂತ ಹೆಚ್ಚು ಹತ್ತಿರದವಳು ಲಿಲ್ಲಿ ರೈಶ್. 1885ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವಳು. ಕಲಿತದ್ದು ಯಂತ್ರದ ಕಸೂತಿ. ಅಂಗಡಿಗಳ ಗಾಜಿನ ಕಿಟಕಿಯಲ್ಲಿ ಸರಕು ಜೋಡಿಸಿದಳು, ಉಡುಪು ವಿನ್ಯಾಸ ಮಾಡಿದಳು, ವಸ್ತುಪ್ರದರ್ಶನಗಳನ್ನು ಕಟ್ಟಿದಳು. ಜರ್ಮನಿಯ ವಿನ್ಯಾಸಕರ ಮತ್ತು ಉದ್ಯಮಿಗಳ ದೊಡ್ಡ ಸಂಘವಾದ ವರ್ಕ್‌ಬುಂಡ್‌ನ ಆಡಳಿತ ಮಂಡಳಿಗೆ 1920ರಲ್ಲಿ ಆಯ್ಕೆಯಾದ ಮೊದಲ ಹೆಂಗಸು ಅವಳು.

1927ರಲ್ಲಿ ಬರ್ಲಿನ್ನಿನ ಒಂದು ಪ್ರದರ್ಶನದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಜೊತೆ ಸೇರಿ ಒಂದು ಕಾಫಿ ಅಂಗಳ ಮಾಡಿದಳು. ಅದರಲ್ಲಿ ಗೋಡೆಯೇ ಇರಲಿಲ್ಲ. ಬಾಗಿಸಿದ ಕೊಳವೆಗಳಿಂದ ರೇಷ್ಮೆ ಮತ್ತು ಮಖಮಲ್ ಪರದೆಗಳು ಇಳಿಬಿದ್ದಿದ್ದವು. ಕಪ್ಪು, ಕೆಂಪು, ಕಿತ್ತಳೆಯ ಮಖಮಲ್. ಚಿನ್ನ, ಬೆಳ್ಳಿ, ನಿಂಬೆ ಹಳದಿಯ ರೇಷ್ಮೆ. ಬಟ್ಟೆಯೇ ಗೋಡೆ. ಇದನ್ನು ಕಲ್ಲುಕೆಲಸದವನ ಮಗ ಮೀಸ್ ಒಬ್ಬನೇ ಯೋಚಿಸಲಾರ ಎಂಬುದು ನನ್ನ ಗುಮಾನಿ. ಬಟ್ಟೆಯ ಭಾರ ಗೊತ್ತಿರುವ ಕೈಗೆ ಮಾತ್ರ ಹೊಳೆಯುವ ವಿಚಾರ ಅದು. ಒಂದು ಬಟ್ಟೆ ಹೇಗೆ ನೆರಿಗೆಯಾಗಿ ಬೀಳುತ್ತದೆ, ಬೆಳಕು ಅದರ ಮೇಲೆ ಹೇಗೆ ಜಾರುತ್ತದೆ ಎಂಬುದನ್ನು ಸೀರೆ ಉಡುವವರಿಗೆ ನಾನು ವಿವರಿಸಬೇಕಾಗಿಲ್ಲ.

ಬೌಹೌಸಿನಲ್ಲಿ 1929ರಲ್ಲಿ ಪೀಠೋಪಕರಣ, ಲೋಹ, ಗೋಡೆಬಣ್ಣದ ಕಾರ್ಯಾಗಾರಗಳನ್ನು ಒಂದುಗೂಡಿಸಿದ್ದರು. ನಾವು ಇಂದು ಒಳಾಂಗಣ ವಿನ್ಯಾಸ ವಿಭಾಗ ಎನ್ನುವುದಕ್ಕೆ ಬಹಳ ಹತ್ತಿರದ ವಸ್ತು ಅದು. 1932ರ ಆರಂಭದಲ್ಲಿ ಆ ವಿಭಾಗಕ್ಕೂ ನೇಯ್ಗೆಗೂ ಲಿಲ್ಲಿ ರೈಶ್ ಮುಖ್ಯಸ್ಥೆಯಾದಳು. ಮರುವರ್ಷವೇ, ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ, ಶಾಲೆ ಮುಚ್ಚಿತು. ಮೀಸ್ ಅಮೆರಿಕಕ್ಕೆ ಹೋದ. ಇವಳು ಅಲ್ಲಿಗೆ ಒಮ್ಮೆ ಹೋಗಿ ನೋಡಿ ಬರ್ಲಿನ್ನಿಗೆ ಮರಳಿದಳು. ಯುದ್ಧದಲ್ಲಿ ಇವಳ ಸ್ಟುಡಿಯೊ ಬಾಂಬಿಗೆ ಸಿಕ್ಕಿತು. ಅದಕ್ಕೂ ಮೊದಲು ಮೀಸ್‌ನ ಸಾವಿರಾರು ನಕ್ಷೆಗಳನ್ನೂ ತನ್ನವನ್ನೂ ಪೆಟ್ಟಿಗೆಗಳಲ್ಲಿ ತುಂಬಿ ನಗರದಿಂದ ದೂರದ ಹಳ್ಳಿಗಾಡಿಗೆ ಸಾಗಿಸಿ ಉಳಿಸಿದ್ದಳು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ಕಲಾಶಾಲೆಯಲ್ಲಿ ಒಳಾಂಗಣ ವಿನ್ಯಾಸ ಕಲಿಸಿದಳು. 1947ರಲ್ಲಿ ತೀರಿಕೊಂಡಳು. ಆ ಪೆಟ್ಟಿಗೆಗಳು ಮುಂದೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸೇರಿದವು. ಮೀಸ್‌ನ ಹೆಸರಿನ ಮೇಲೆ.

ಅಹಮದಾಬಾದಿಗೆ ಬರೋಣ. ನಮ್ಮ ದೇಶದ ವಿನ್ಯಾಸ ಶಿಕ್ಷಣ ಬಹುಮಟ್ಟಿಗೆ ಆ ಒಂದು ಊರಿನ ಬಾಗಿಲಿನಿಂದ ಒಳಗೆ ಬಂತು. 1958ರಲ್ಲಿ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸುತ್ತಿ ಸರಕಾರಕ್ಕೊಂದು ವರದಿ ಕೊಟ್ಟರು. ಅದರಲ್ಲಿ ಅವರು ಮನಸ್ಸಿಟ್ಟು ಕೊಂಡಾಡಿದ್ದು ತಾಜಮಹಲನ್ನಲ್ಲ, ನೀರಿನ ಲೋಟಾ ಅಂದರೆ ನಮ್ಮ ಮನೆಗಳ ತಂಬಿಗೆಯನ್ನು. ಈ ವರದಿಯ ಬೆನ್ನಿಗೆ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಮರುವರ್ಷ ಅದೇ ಊರಿನಲ್ಲಿ ಬಾಲಕೃಷ್ಣ ದೋಶಿ ವಾಸ್ತುಶಿಲ್ಪ ಶಾಲೆ ತೆರೆದರು. ಅದು ಬೆಳೆದು ಸೆಪ್ಟ್ ವಿಶ್ವವಿದ್ಯಾಲಯವಾಯಿತು. ಅದರೊಳಗೆ ಒಳಾಂಗಣ ವಿನ್ಯಾಸಕ್ಕೆಂದೇ ಶಾಲೆ ಬಂದದ್ದು 1991ರಲ್ಲಿ. ವಾಸ್ತುಶಿಲ್ಪ ಬಂದು ಮೂರು ದಶಕ ಕಾದ ಮೇಲೆ ಕೋಣೆಯ ಒಳಗಿನವರ ಸರದಿ ಬಂತು ಎನ್ನಿ. ಆಗ ಕಲಿಸುವವರು ಬರಬೇಕಾದದ್ದು ಬೇರೆ ಕಡೆಯಿಂದಲೇ. ಒಳಾಂಗಣದಲ್ಲಿಯೇ ಪದವಿ ಪಡೆದವರು ದೇಶದಲ್ಲಿ ಆಗ ಎಷ್ಟು ಮಂದಿ ಇದ್ದಾರು? ದೇಶದ ಹೆಚ್ಚಿನ ವಿಭಾಗಗಳ ಹಳೆಯ ಅಧ್ಯಾಪಕರು ವಾಸ್ತುಶಿಲ್ಪದಿಂದ, ಚಿತ್ರಕಲೆಯಿಂದ, ಗೃಹವಿಜ್ಞಾನದಿಂದ ಹಾದುಬಂದವರು.

ಈ ಅಹಮದಾಬಾದಿಗೆ 1964ರಲ್ಲಿ ಒಬ್ಬ ಅತಿಥಿ ಬಂದರು. ಜಾರ್ಜ್ ನಾಕಾಶಿಮಾ, ಜಪಾನೀ ಮೂಲದ ಅಮೆರಿಕನ್. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಉಳಿದು ಮರದ ಪೀಠೋಪಕರಣಗಳಿಗೆ ವಿನ್ಯಾಸ ಮಾಡಿಕೊಟ್ಟರು. ಭಾರತ ಅವರಿಗೆ ಹೊಸತಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪದವಿ ಪಡೆದ ವಾಸ್ತುಶಿಲ್ಪಿಯಾಗಿ 1930ರ ದಶಕದಲ್ಲಿ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡೆ ವಸತಿಗೃಹದ ಕೆಲಸ ನೋಡಿಕೊಂಡಿದ್ದರು. ಅಲ್ಲಿ ಅವರಿಗೆ ಸುಂದರಾನಂದ ಎಂಬ ಹೆಸರೂ ಸಿಕ್ಕಿತ್ತು. ಆದರೆ ಅವರು ಮರಗೆಲಸವನ್ನು ಆಳವಾಗಿ ಕಲಿತದ್ದು ಎಂಐಟಿಯಲ್ಲೂ ಅಲ್ಲ, ಆಶ್ರಮದಲ್ಲೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನೀ ಮೂಲದ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿತು. 1942ರಲ್ಲಿ ಐಡಹೋದ ಮಿನಿಡೋಕಾ ಶಿಬಿರದಲ್ಲಿ, ಹೆಂಡತಿ ಮತ್ತು ಹಸುಗೂಸಿನೊಡನೆ ಇದ್ದಾಗ, ಗೆಂಟಾರೊ ಹಿಕೊಗಾವಾ ಎಂಬ ಸಾಂಪ್ರದಾಯಿಕ ಬಡಗಿ ಸಿಕ್ಕಿದರು. ಉಳಿ, ಗರಗಸ ಹಿಡಿಯುವುದನ್ನು, ಮೊಳೆಯಿಲ್ಲದೆ ಮರಕ್ಕೆ ಮರ ಕೂಡಿಸುವುದನ್ನು ನಾಕಾಶಿಮಾ ಅವರ ಕೈಕೆಳಗೆ ಕಲಿತರು. ಮುಳ್ಳುತಂತಿಯ ಒಳಗೆ, ಸಿಕ್ಕ ತುಂಡು ಮರಗಳಲ್ಲಿ. ಅವರ ಪರಿಚಯದ ಸಾಲಿನಲ್ಲಿ ಎಂಐಟಿ ಮೊದಲು ಬರುತ್ತದೆ. ಹಿಕೊಗಾವಾ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ.

ಹಾಗೆಂದು ಪದವಿ ಬೇಡ ಎಂದು ನಾನು ಹೇಳಿದರೆ ಕೇಳುಗರು ನಂಬಬೇಡಿ. ಪದವಿಯ ಸಂಬಳದಲ್ಲಿಯೇ ನನ್ನ ಮನೆ ನಡೆದಿದೆ. ಬರೀ ಕಸುಬಿನವರಿಗೆ ಬಿಟ್ಟರೆ ಅಪ್ಪ ಮಾಡಿದ ಅಲಮಾರನ್ನೇ ಮಗನೂ ಮಾಡುತ್ತಾನೆ. ಅಡುಗೆಮನೆಯ ಕಟ್ಟೆ ಗಿಡ್ಡ ಹೆಂಗಸಿಗೆ ಎತ್ತರವಾಯಿತೇ ಎಂದು ಕೇಳುವುದಿಲ್ಲ. ನಮ್ಮ ಕಷ್ಟ ಬೇರೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ವಾಸ್ತುಶಿಲ್ಪಿ ಎಂದು ಹೇಳಿಕೊಳ್ಳುವಂತಿಲ್ಲ. ಒಳಾಂಗಣ ವಿನ್ಯಾಸಕ್ಕೆ ಅಂಥ ಶಾಸನಬದ್ಧ ಮಂಡಳಿ ಇಲ್ಲ. ಹೊರಗೆ ಯಾರು ಬೇಕಾದರೂ ಒಳಾಂಗಣ ವಿನ್ಯಾಸಕರಾಗಬಹುದು, ನಾಳೆ ಬೆಳಿಗ್ಗೆ ಫಲಕ ಬರೆಸಿದರಾಯಿತು. ಆದರೆ ವಿಶ್ವವಿದ್ಯಾಲಯದ ಒಳಗೆ ಅದನ್ನು ಕಲಿಸಲು ಹೊರಟರೆ ಪದವಿ, ಪ್ರಬಂಧ, ಅಂಕಗಳ ಲೆಕ್ಕ. ಹಾಗಾಗಿ ಹೆಚ್ಚಿನ ವಿಭಾಗಗಳಲ್ಲಿ ಕಲಿಸುವವರದು ಎರಡು ಜಾತಿ. ಪೂರ್ಣಾವಧಿಯವರಿಗೆ ಪ್ರಬಂಧ ಬರೆಯುವ ಹೊತ್ತಿನಲ್ಲಿ ಸೈಟಿಗೆ ಹೋಗುವುದು ತಪ್ಪುತ್ತದೆ. ಗಂಟೆಯ ಲೆಕ್ಕದಲ್ಲಿ ಬರುವ ಅತಿಥಿಗಳ ಬೂಟಿನಲ್ಲಿ ಇನ್ನೂ ಸಿಮೆಂಟಿನ ಪುಡಿ ಇರುತ್ತದೆ, ಫೋನು ನಿಮಿಷಕ್ಕೊಮ್ಮೆ ಬಡಿದುಕೊಳ್ಳುತ್ತದೆ, ಪ್ಲೈವುಡ್ ಬಂದಿಲ್ಲವೆಂದು. ಮಕ್ಕಳು ಹೆಚ್ಚು ಕಲಿಯುವುದು ಆ ಫೋನಿನ ಮಾತುಗಳಿಂದಲೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

2022ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಂದು ಕಿಟಕಿ ತೆರೆಯಿತು. ಪ್ರೊಫೆಸರ್ ಆಫ್ ಪ್ರಾಕ್ಟಿಸ್ ಎಂಬ ಹುದ್ದೆ. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ ಪಳಗಿದವರಿಗೆ ಪದವಿಯ ಕಟ್ಟುಪಾಡಿಲ್ಲ. ಮಂಜೂರಾದ ಹುದ್ದೆಗಳ ಶೇಕಡ 10ರ ಮಿತಿ, ಹೆಚ್ಚೆಂದರೆ ನಾಲ್ಕು ವರ್ಷ. ಒಳ್ಳೆಯದೇ. ಆದರೆ ಹಿರಿಯ ಮಟ್ಟದ ಅನುಭವವಿದ್ದರೆ ಮೇಲು ಎಂಬ ಮಾತೂ ಅದರಲ್ಲಿದೆ. ಹಿರಿಯ ಮಟ್ಟ ಎಂದರೆ ಸಮಿತಿಗಳ ಕಣ್ಣಿಗೆ ಕಾಣುವುದು ಕಂಪನಿಯ ನಿರ್ದೇಶಕರು. ಮೂವತ್ತು ವರ್ಷ ಉಜ್ಜುಗೊರಡು ಹಿಡಿದವರನ್ನು ಆ ಮಟ್ಟದಲ್ಲಿ ಹುಡುಕುವ ಸಮಿತಿಯನ್ನು ನಾನಿನ್ನೂ ಕಂಡಿಲ್ಲ.

ಡ್ರಾಯರಿನ ಆ ಆಚಾರಿಯವರ ಮಾತು ಉಳಿಯಿತಲ್ಲ. ಮುಂದಿನ ವರ್ಷ ಅವರನ್ನು ಮರದ ಕೂಡಿಕೆಗಳ ಪಾಠಕ್ಕೆ ಕರೆದೆವು, ಎಂಟು ಶನಿವಾರ. ಅವರು ಮಾತನಾಡುತ್ತಿದ್ದದ್ದು ಕಡಿಮೆ. ಮಕ್ಕಳ ಕೈಯಲ್ಲಿದ್ದ ಉಳಿಯ ಕೋನವನ್ನು ಒಂದೇ ಬೆರಳಿನಿಂದ ಸರಿಪಡಿಸಿ ಮುಂದಕ್ಕೆ ಹೋಗುತ್ತಿದ್ದರು. ಸಂಭಾವನೆಗೆ ಅಧ್ಯಾಪಕರ ಖಾತೆಯಲ್ಲಿ ದಾರಿಯಿರಲಿಲ್ಲ, ರಿಪೇರಿ ಮತ್ತು ನಿರ್ವಹಣೆಯ ಖಾತೆಯಿಂದ ಚೀಟಿ ಬರೆದರು. ಮಾಹಿತಿ ಪುಸ್ತಕದಲ್ಲಾದರೂ ಅವರ ಹೆಸರು ಇರಲಿ ಎಂದು ನಾನು ಹಟ ಹಿಡಿದೆ. ನಮೂನೆ ತುಂಬಿಸಲು ಅವರ ಎದುರು ಕುಳಿತೆ.

"ಆಚಾರಿಯವರೇ, ವಿದ್ಯಾರ್ಹತೆ ಏನೆಂದು ಬರೆಯಲಿ?"

"ಏಳನೇ ತರಗತಿ ಮೇಷ್ಟ್ರೇ. ಆಮೇಲೆ ನಮ್ಮ ಅಪ್ಪ."

ಹಾಗೆಯೇ ಬರೆದುಕೊಟ್ಟೆ. ಜೂನ್ ತಿಂಗಳಲ್ಲಿ ಪುಸ್ತಕ ಅಚ್ಚಾಗಿ ಬಂತು. ಹೆಸರಿನ ಮುಂದೆ 'ಏಳನೇ ತರಗತಿ' ಎಂದಿತ್ತು. ಉಳಿದ ಮೂರು ಪದಗಳನ್ನು ಯಾರೋ ತಪ್ಪೆಂದು ತಿಳಿದು ತೆಗೆದುಹಾಕಿದ್ದರು.

ನಮಸ್ಕಾರ.