ಎದೆಯಲ್ಲಿ ಚುಚ್ಚುವ ನೋವು: ಹಾರ್ಟ್ ಅಟ್ಯಾಕೇ ಇರಬೇಕಾ?

ಎದೆಯಲ್ಲಿ ಚಳಕ್ ಅಂದ ತಕ್ಷಣ ತಲೆಗೆ ಬರುವುದು ಹಾರ್ಟ್ ಅಟ್ಯಾಕ್, ಅಲ್ವಾ? ಆದರೆ ಹಾರ್ಟ್ ಅಟ್ಯಾಕ್ ಬಹಳ ಸಲ ಚುಚ್ಚುವುದಿಲ್ಲ. ಎದೆ ಮೇಲೆ ಭಾರ ಹೇರಿದ ಹಾಗೆ, ಬಿಗಿದು ಹಿಂಡಿದ ಹಾಗೆ ಅನಿಸುತ್ತದೆ. ಹಾಗಾದರೆ ಈ ಚುಚ್ಚುವ ನೋವು ಯಾವುದು?

ನೋವು ಎಷ್ಟಿದೆ ಅನ್ನುವುದಕ್ಕಿಂತ, ಏನು ಮಾಡಿದರೆ ಜಾಸ್ತಿಯಾಗುತ್ತದೆ ಅಂತ ಗಮನಿಸಿ. ಡಾಕ್ಟರ್ ಕೂಡ ಇದನ್ನು ಕೇಳಿಯೇ ಕೇಳುತ್ತಾರೆ.

(ಪರದೆಯಲ್ಲಿ: ಪಕ್ಕೆಲುಬುಗಳ ಚಿತ್ರ)

ಬೆರಳಿಟ್ಟು ಒತ್ತಿದರೆ ಅದೇ ನೋವು ಬರುತ್ತದಾ? ಪಕ್ಕೆಲುಬು ಎದೆಮೂಳೆಗೆ ಸೇರುವ ಕಡೆ ಉರಿಯೂತ ಇರಬಹುದು. ಇದಕ್ಕೆ ಕಾಸ್ಟೋಕಾಂಡ್ರೈಟಿಸ್ ಅನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ, ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತದೆ. ಹಾಗಂತ ಒತ್ತಿದರೆ ನೋಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಹಾರ್ಟ್ ಸರಿಯಾಗಿದೆ ಅಂತ ತೀರ್ಮಾನಿಸುವ ಹಾಗೂ ಇಲ್ಲ.

(ಪರದೆಯಲ್ಲಿ: ಶ್ವಾಸಕೋಶ, ಅದರ ಸುತ್ತ ತೆಳುವಾದ ಪೊರೆ)

ಉಸಿರೆಳೆದಾಗ ಚುಚ್ಚುತ್ತದಾ? ಇಲ್ಲಿ ಸ್ವಲ್ಪ ನಿಲ್ಲೋಣ. ಶ್ವಾಸಕೋಶದ ಸುತ್ತಲಿನ ಪೊರೆಗೆ ಉರಿಯೂತವಾದರೆ ಪ್ರತಿ ಉಸಿರಿಗೂ ನೋವು. ಜ್ವರ, ಕೆಮ್ಮು ಜೊತೆಗಿದ್ದರೆ ನ್ಯುಮೋನಿಯಾ ಇರಬಹುದು. ಎತ್ತರ, ತೆಳ್ಳಗಿನ ಹುಡುಗರಲ್ಲಿ, ಸಿಗರೇಟ್ ಸೇದುವವರಲ್ಲಿ, ಇದ್ದಕ್ಕಿದ್ದಂತೆ ಶ್ವಾಸಕೋಶದಿಂದ ಗಾಳಿ ಸೋರಿ ಅದು ಕುಸಿಯುವುದೂ ಉಂಟು. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇನ್ನೊಂದು: ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಬಂದು ಶ್ವಾಸಕೋಶದ ರಕ್ತನಾಳವನ್ನು ಮುಚ್ಚುವುದು. ಇತ್ತೀಚೆಗೆ ಆಪರೇಷನ್ ಆಗಿದೆ, ಅಥವಾ ಗಂಟೆಗಟ್ಟಲೆ ಕೂತು ಪ್ರಯಾಣ ಮಾಡಿದ್ದೀರಿ, ಒಂದು ಕಾಲು ಊದಿದೆ, ಏದುಸಿರು ಬರುತ್ತಿದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಮಲಗಿದರೆ ಹೆಚ್ಚಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾದರೆ ಹೃದಯದ ಸುತ್ತಲಿನ ಚೀಲದ ಉರಿಯೂತ ಇರಬಹುದು. ಊಟದ ನಂತರ ಹುಳಿತೇಗಿನ ಜೊತೆ ಬಂದರೆ ಆಸಿಡಿಟಿ ಇರಬಹುದು. ಒಂದೇ ಪಕ್ಕದಲ್ಲಿ ಉರಿಯುವ ನೋವು ಬಂದು, ಕೆಲವು ದಿನಗಳ ಮೇಲೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು.

(ಪರದೆ ಕೆಂಪಾಗುತ್ತದೆ)

ಎದೆನೋವಿನ ಜೊತೆ ತಣ್ಣನೆ ಬೆವರು, ಉಸಿರಾಟದ ಕಷ್ಟ, ತಲೆಸುತ್ತು, ದವಡೆಗೋ ತೋಳಿಗೋ ಹರಡುವ ನೋವು, ಬೆನ್ನಿಗೆ ಸೀಳಿಕೊಂಡು ಹೋದ ಹಾಗೆ ನೋವು, ಇವುಗಳಲ್ಲಿ ಯಾವುದು ಕಂಡರೂ ಆಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಗ್ಯಾಸ್ ಮಾತ್ರೆ ನುಂಗಿ ಹಗುರಾಯಿತು ಅಂತ ಸುಮ್ನೆ ಕೂರಲೂಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಹಾರ್ಟ್ ಅಟ್ಯಾಕ್ ಬರಬಹುದು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ರಕ್ತದಲ್ಲಿ ಟ್ರೊಪೊನಿನ್, ಅಂದರೆ ಹೃದಯದ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಒಂದು ಪ್ರೋಟೀನ್, ಎಷ್ಟಿದೆ ಅಂತ ನೋಡುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟಾದರೂ ಟ್ರೊಪೊನಿನ್ ಏರುವುದಕ್ಕೆ ಕೆಲವು ಗಂಟೆ ಬೇಕಾಗಬಹುದು. ಅದಕ್ಕೇ ಮೊದಲ ಟೆಸ್ಟ್ ಸರಿಯಿದ್ದರೂ ಕೂರಿಸಿಕೊಂಡು ಮತ್ತೊಮ್ಮೆ ರಕ್ತ ತೆಗೆಯುತ್ತಾರೆ. ಆಗ ಜಗಳ ಮಾಡಿ ಮನೆಗೆ ಹೊರಡಬೇಡಿ.