ರಾಜ್ಯೋತ್ಸವದ ದಿನ ಟೈಮರ್ ಬದಲಿಸಿ

ಎಲ್ಲರಿಗೂ ನಮಸ್ಕಾರ. ಇನ್ನು ಐದು ದಿನಕ್ಕೆ ನವೆಂಬರ್ 1. ನಮಗೆ ಅದು ರಾಜ್ಯೋತ್ಸವ. ಲಾಸ್ ವೇಗಸ್ ಕಣಿವೆಯಲ್ಲಿ ಮನೆ ಇರುವವರಿಗೆ ಅವತ್ತು ಇನ್ನೊಂದು ಕೆಲಸವೂ ಇದೆ. ಅವತ್ತಿನಿಂದ ಫೆಬ್ರವರಿ ಮುಗಿಯುವವರೆಗೆ ಹುಲ್ಲಿಗೆ ವಾರಕ್ಕೆ ಒಂದೇ ದಿನ ನೀರು. ಇತ್ತೀಚೆಗೆ ಮನೆ ಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಈ ವಿಷಯ ಇವತ್ತೇ ಮಾತಾಡೋಣ ಅಂತ ಕೇಳಿಕೊಂಡೆ.

ನಾನು ಮನೆ ಕೊಂಡ ಮೊದಲ ವರ್ಷ ಈ ತಾರೀಕು ನನಗೆ ಗೊತ್ತಿರಲಿಲ್ಲ. ಹುಲ್ಲಿಗೆ ತಾನಾಗಿ ನೀರು ಬಿಡುವ ಟೈಮರನ್ನು ಬೇಸಿಗೆಯ ಲೆಕ್ಕದಲ್ಲೇ ಬಿಟ್ಟಿದ್ದೆ. ನವೆಂಬರ್ ಮಧ್ಯದಲ್ಲಿ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಮನೆ ಮುಂದೆ ನೀರು ಹರಿಯುತ್ತಿದೆ. ಒಂದು ಸ್ಪ್ರಿಂಕ್ಲರ್‌ನ ತಲೆ ಮುರಿದಿತ್ತು. ನೀರು ಫುಟ್‌ಪಾತ್ ದಾಟಿ, ರಸ್ತೆ ಅಂಚು ಹಿಡಿದು ಹೊರಟಿತ್ತು. ಚಪ್ಪಲಿ ಹಾಕಿಕೊಂಡು ಅದರ ಹಿಂದೆಯೇ ನಡೆದೆ. ನಾಲ್ಕು ಮನೆ ದಾಟಿತು. ಒಂದು ಒಣ ಎಲೆಯನ್ನು ತೇಲಿಸಿಕೊಂಡು ಹೋಗಿ ಚರಂಡಿಯ ಬಾಯಿಗೆ ಬಿತ್ತು. ವರ್ಷಕ್ಕೆಲ್ಲಾ ಸುಮಾರು ನಾಲ್ಕು ಇಂಚು ಮಳೆ ಬೀಳುವ ಊರು ಇದು. ಅವತ್ತು ನಿಜವಾಗಿ ಹೊಟ್ಟೆ ಉರಿಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಅಜ್ಜಿ ಮನೆಯಲ್ಲಿ ಬಚ್ಚಲ ನೀರು ಹಿತ್ತಲಿಗೆ ಹೋಗುತ್ತಿತ್ತು. ಬಾಳೆ, ಕೆಸು, ಬಸಳೆ ಎಲ್ಲಾ ಅದರಲ್ಲೇ ಬೆಳೆಯುತ್ತಿದ್ದವು. ನಿಮ್ಮ ಮನೆಗಳಲ್ಲೂ ಹಾಗೇ ಇತ್ತು, ಅಲ್ವಾ? ಹಾಗಾಗಿ ನೀರು ಉಳಿಸಿ ಅಂದ ಕೂಡಲೇ ನಮಗೆ ಬಕೆಟ್ ನೆನಪಾಗುತ್ತದೆ. ಸ್ನಾನ ಬೇಗ ಮುಗಿಸೋಣ, ಅಕ್ಕಿ ತೊಳೆದ ನೀರು ಎತ್ತಿಡೋಣ ಅನ್ನಿಸುತ್ತದೆ. ಒಳ್ಳೆಯ ಅಭ್ಯಾಸವೇ, ಬಿಡಬೇಡಿ. ಆದರೆ ಈ ಕಣಿವೆಯಲ್ಲಿ ಲೆಕ್ಕ ತಿರುಗುಮುರುಗು. ಮನೆಯೊಳಗಿನ ಬಚ್ಚಲು, ಸಿಂಕು, ಟಾಯ್ಲೆಟ್ಟಿನ ನೀರು ಹೆಚ್ಚುಕಡಿಮೆ ಪೂರ್ತಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಲಾಸ್ ವೇಗಸ್ ವಾಶ್ ಎಂಬ ಹಳ್ಳದಲ್ಲಿ ಹರಿದು ಮತ್ತೆ ಲೇಕ್ ಮೀಡ್ ಸೇರುತ್ತದೆ. ಕೊಲರಾಡೋ ನದಿಗೆ ಕಟ್ಟಿದ ಹೂವರ್ ಡ್ಯಾಮ್‌ನ ಹಿಂದಿನ ಜಲಾಶಯ ಅದು, ನಮಗೆ ನೀರು ಬರುವುದೂ ಅಲ್ಲಿಂದಲೇ. ಎಷ್ಟು ವಾಪಸ್ ಬಿಟ್ಟೆವೋ ಅಷ್ಟನ್ನು ಮತ್ತೆ ಎತ್ತಿಕೊಳ್ಳಲು ನಮಗೆ ಹಕ್ಕಿದೆ. ಹೊರಗೆ ಹುಲ್ಲಿಗೆ ಹಾಕಿದ ನೀರು ಹಾಗಲ್ಲ. ಅದು ಆವಿಯಾಯಿತು ಅಂದರೆ ಹೋಯಿತು. ಈ ಊರಿನಲ್ಲಿ ಹೀಗೆ ಕೈಬಿಟ್ಟು ಹೋಗುವ ನೀರಿನಲ್ಲಿ ಬಹುಪಾಲು ಅಂಗಳದಲ್ಲೇ ಹೋಗುತ್ತದೆ. ನಿರ್ಬಂಧ ಎಲ್ಲಾ ಲಾನಿನ ಮೇಲೇ ಯಾಕೆ ಎಂದು ಕೇಳುವವರಿಗೆ ಉತ್ತರ ಇದೇ.

ಒಂದು ಕಾಲಕ್ಕೆ ಇಲ್ಲಿ ನೀರು ನೆಲದಿಂದಲೇ ಉಕ್ಕುತ್ತಿತ್ತು. ಲಾಸ್ ವೇಗಸ್ ಅಂದರೆ ಸ್ಪ್ಯಾನಿಷ್‌ನಲ್ಲಿ ಹುಲ್ಲುಗಾವಲು. ಆ ಬುಗ್ಗೆಗಳು 1962ರ ಹೊತ್ತಿಗೆ ಬತ್ತಿದವು. ಈಗ ನಾವು ಕುಡಿಯುವುದರಲ್ಲಿ ನೂರಕ್ಕೆ 90 ಪಾಲು ಕೊಲರಾಡೋ ನದಿಯದು. ಆ ನದಿಯನ್ನು 1922ರ ಒಪ್ಪಂದದಲ್ಲಿ ಹಂಚಿದರು. ಆಮೇಲೆ 1928ರ ಕಾನೂನಿನಲ್ಲಿ ಕೆಳಗಿನ ಮೂರು ರಾಜ್ಯಗಳ ಪಾಲು ಬಂತು. ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ 44 ಲಕ್ಷ ಎಕರೆ-ಅಡಿ, ಆರಿಜೋನಾಕ್ಕೆ 28 ಲಕ್ಷ, ನೆವಾಡಾಕ್ಕೆ ಬರೀ 3 ಲಕ್ಷ. ಒಂದು ಎಕರೆ ಜಾಗದಲ್ಲಿ ಒಂದು ಅಡಿ ನೀರು ನಿಲ್ಲಿಸಿದರೆ ಒಂದು ಎಕರೆ-ಅಡಿ. ಆಗ ಇದು ರೈಲು ನಿಲ್ಲುವ ಸಣ್ಣ ಊರು. ಇಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಜನ ಇರುತ್ತಾರೆ ಎಂದು ಯಾರಿಗೆ ಗೊತ್ತಿತ್ತು?

ಕಾವೇರಿ ಸೀಮೆಯಿಂದ ಬಂದವರಿಗೆ ಈ ಹಂಚಿಕೆಯ ಮಾತು ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಪೇಪರ್ ಬಂದರೆ ಮೊದಲು ಕೆಆರ್‌ಎಸ್ ಮಟ್ಟ ನೋಡುತ್ತಿದ್ದೆವು. 124.80 ಅಡಿ ಆಯಿತಾ, ಇಲ್ಲವಾ? ಇಲ್ಲಿ ನಾನು ಲೇಕ್ ಮೀಡ್ ನೋಡುತ್ತೇನೆ. ತುಂಬಿದರೆ ಸಮುದ್ರ ಮಟ್ಟದಿಂದ 1,229 ಅಡಿ. 2000ದಿಂದ ಬರ ಹಿಡಿದಿದೆ. 2022ರ ಜುಲೈನಲ್ಲಿ ಅದು ಸುಮಾರು 1,040 ಅಡಿಗೆ ಇಳಿಯಿತು. ಹೂವರ್ ಡ್ಯಾಮ್ ಮೇಲೆ ನಿಂತು ನೋಡಿದವರು ಬಂಡೆಗಳ ಮೇಲಿನ ಬಿಳಿ ಪಟ್ಟಿ ನೋಡಿರುತ್ತೀರಿ. ಹಂಡೆಯೊಳಗೆ ಉಪ್ಪು ನೀರಿನ ಗೆರೆ ಉಳಿಯುತ್ತದಲ್ಲ, ಹಾಗೆ. 2021ರ ಆಗಸ್ಟ್‌ನಲ್ಲಿ ಮೊದಲ ಸಲ ಈ ನದಿಯಲ್ಲಿ ಅಧಿಕೃತವಾಗಿ ಕೊರತೆ ಘೋಷಣೆ ಆಯಿತು. ನಮ್ಮ 3 ಲಕ್ಷದಲ್ಲೂ 2022ಕ್ಕೆ 21,000 ಕಡಿತವಾಯಿತು.

ಇನ್ನು ನಿಯಮ. ಪ್ರತಿ ಮನೆಗೂ ವಿಳಾಸದ ಪ್ರಕಾರ ಎ ಇಂದ ಎಫ್‌ವರೆಗೆ ಒಂದು ಗುಂಪು ಇರುತ್ತದೆ. ಯಾವ ವಾರ ನೀರು ಹಾಕಬಹುದು ಎಂಬುದು ಆ ಗುಂಪಿನ ಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೆ ಮೂರು ದಿನ. ಮೇ ಇಂದ ಆಗಸ್ಟ್‌ವರೆಗೆ ಆರು ದಿನ, ಆದರೆ ಬೆಳಗ್ಗೆ 11ರಿಂದ ಸಂಜೆ 7ರವರೆಗೆ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮತ್ತೆ ಮೂರು ದಿನ. ಚಳಿಗಾಲದಲ್ಲಿ ಒಂದು. ಭಾನುವಾರ ವರ್ಷಪೂರ್ತಿ ಇಲ್ಲ. ನೀರು ರಸ್ತೆಗೆ ಹರಿದರೆ ಅದೂ ತಪ್ಪೇ. ಮೊದಲು ಎಚ್ಚರಿಕೆ ಕೊಡುತ್ತಾರೆ, ಆಮೇಲೆ ದಂಡ. ಮತ್ತೆ ಮತ್ತೆ ಮಾಡಿದರೆ ದಂಡ ದುಪ್ಪಟ್ಟಾಗುತ್ತಾ ಹೋಗುತ್ತದೆ.

ಈ ನೆಲದ ಗುಣ ಗೊತ್ತಿದ್ದರೆ ನಿಯಮ ಕಷ್ಟ ಅನ್ನಿಸುವುದಿಲ್ಲ. ಮೊದಲ ಸಲ ಗಿಡ ನೆಡಲು ಗುದ್ದಲಿ ಹಾಕಿದೆ. ಅರ್ಧ ಅಡಿಗೆ ಠಣ್ ಅಂತು. ಸುಣ್ಣ ಸೇರಿ ಸಿಮೆಂಟಿನಂತಾದ ಪದರ ಅದು, ಕಲೀಚೆ ಅನ್ನುತ್ತಾರೆ. ಒಂದೇ ಸಲಕ್ಕೆ ಹನ್ನೆರಡು ನಿಮಿಷ ಬಿಟ್ಟರೆ ನೀರು ಇಳಿಯುವುದಿಲ್ಲ, ಹರಿದು ಹೋಗುತ್ತದೆ. ನಾಲ್ಕು ನಿಮಿಷ ಬಿಡಿ. ಒಂದು ಗಂಟೆ ಬಿಟ್ಟು ಮತ್ತೆ ನಾಲ್ಕು. ಹೀಗೆ ಮೂರು ಸಲ. ಅಷ್ಟೇ ನೀರು, ಆದರೆ ಬೇರಿಗೆ ಹೋಗುತ್ತದೆ.

ನ್ಯಾಯದ ಪ್ರಶ್ನೆ ಬಂದೇ ಬರುತ್ತದೆ. ಬೆಲ್ಲಾಜಿಯೊ ಹೋಟೆಲಿನ ಮುಂದೆ ಕಾರಂಜಿ ಕುಣಿಯುವಾಗ ನಮ್ಮ ಹುಲ್ಲು ಯಾಕೆ ಒಣಗಬೇಕು? ಆ ಕಾರಂಜಿಗೆ ಬರುವುದು ಬಾವಿ ನೀರು, ಕೊಲರಾಡೋ ನೀರಲ್ಲ. ಇನ್ನು ಈ ನದಿಯ ನೀರಿನಲ್ಲಿ ಬಹುಪಾಲು ಹೊಲಗಳಿಗೆ ಹೋಗುತ್ತದೆ, ಅದರಲ್ಲೂ ದನದ ಮೇವಿಗೆ. ಆ ದೂರು ಸರಿಯಾದದ್ದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಬದಲಾಗಲಿ, ಆಮೇಲೆ ನೋಡೋಣ ಎಂದು ಕೂತಿದ್ದರೆ ಈ ಊರು ಇಷ್ಟರಲ್ಲಿ ಬಾಯಾರಿಕೊಂಡು ಇರುತ್ತಿತ್ತು. 2002ರ ನಂತರದ ಇಪ್ಪತ್ತು ವರ್ಷದಲ್ಲಿ ಇಲ್ಲಿ ಸುಮಾರು ಏಳೂವರೆ ಲಕ್ಷ ಜನ ಹೆಚ್ಚಾದರು. ನದಿಯಿಂದ ತೆಗೆಯುವ ನೀರು ಮಾತ್ರ ಕಾಲು ಭಾಗದಷ್ಟು ಕಡಿಮೆಯಾಯಿತು. ಹೆಚ್ಚಾಗಿ ಹುಲ್ಲು ಕಿತ್ತು ಸಾಧಿಸಿದ್ದು ಇದು. 2021ರಲ್ಲಿ ನೆವಾಡಾ ಒಂದು ಕಾನೂನನ್ನೂ ತಂದಿತು. ರಸ್ತೆ ಬದಿ, ಆಫೀಸು ಮುಂದೆ ಬರೀ ಅಂದಕ್ಕೆ ಬೆಳೆಸಿದ ಹುಲ್ಲಿಗೆ 2027ರಿಂದ ಕೊಲರಾಡೋ ನೀರು ಹಾಕುವಂತಿಲ್ಲ. ನಮ್ಮ ಸ್ವಂತ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ನಿರ್ಧಾರ ನಮ್ಮದೇ.

ನಾನು ಮುಂದಿನ ಅಂಗಳದ 500 ಚದರಡಿ ಹುಲ್ಲು ತೆಗೆಸಿದೆ. ವಾರಕ್ಕೊಮ್ಮೆ ಅದನ್ನು ಕತ್ತರಿಸುವವರು ಬಿಟ್ಟರೆ ಬೇರೆ ಯಾರೂ ಅದನ್ನು ತುಳಿದವರಲ್ಲ. ಒಂದು ಚದರಡಿ ಹುಲ್ಲು ಇಲ್ಲಿ ವರ್ಷಕ್ಕೆ 73 ಗ್ಯಾಲನ್ ಕುಡಿಯುತ್ತದೆ. ಮರುಭೂಮಿಯ ಗಿಡಗಳಿಗೆ 18 ಸಾಕು. ನನ್ನ ಲೆಕ್ಕದಲ್ಲಿ ವರ್ಷಕ್ಕೆ ಒಂದು ಲಕ್ಷ ಲೀಟರ್ ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಾರ್ಡನ್‌ಗೆ ಹಾಕಿದರೆ 5,000 ರೂಪಾಯಿ ದಂಡ ಎಂದಾಗ, ಅಕ್ಕ ಫೋನಿನಲ್ಲಿ ಟ್ಯಾಂಕರ್ ಕಾಯುವ ಕಷ್ಟ ಹೇಳುತ್ತಿದ್ದಳು. ದೊಡ್ಡ ಟ್ಯಾಂಕರ್‌ಗೆ 12,000 ಲೀಟರ್. ನಮ್ಮ ಅಂಗಳದಲ್ಲಿ ಉಳಿಯುವುದು ಎಂಟು ಟ್ಯಾಂಕರ್‌ಗೂ ಜಾಸ್ತಿ ಆಯಿತು.

ಹುಲ್ಲು ತೆಗೆಯುವುದಕ್ಕೆ ಇಲ್ಲಿನ ನೀರು ಸರಬರಾಜು ಸಂಸ್ಥೆಯವರು ದುಡ್ಡು ಕೊಡುತ್ತಾರೆ. ಆದರೆ ಮೊದಲು ಅರ್ಜಿ ಹಾಕಿ. ಅವರು ಬಂದು ನೋಡುವ ಮುಂಚೆ ಕಿತ್ತರೆ ಸಿಗುವುದಿಲ್ಲ. ಮತ್ತೊಂದು ಮಾತು, ದಯವಿಟ್ಟು ಕೇಳಿ. ಬರೀ ಜಲ್ಲಿ ಸುರಿಯಬೇಡಿ, ಮನೆ ಕಾವಲಿಯಂತೆ ಕಾಯುತ್ತದೆ. ಲಾನಿನ ಮಧ್ಯೆ ಮರ ಇದ್ದರೆ, ಅದು ಇಷ್ಟು ವರ್ಷ ಹುಲ್ಲಿನ ನೀರನ್ನೇ ಕುಡಿದು ಬೆಳೆದಿದೆ. ಹುಲ್ಲು ಹೋದ ದಿನವೇ ಮರಕ್ಕೆ ಡ್ರಿಪ್ ಹಾಕಿಸಿ. ಬುಡಕ್ಕೆ ಅಂಟಿಸಿ ಅಲ್ಲ, ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ. ನಮ್ಮ ಬೀದಿಯಲ್ಲಿ ಹೀಗೆ ಮರೆತು ಎರಡು ದೊಡ್ಡ ಮರ ಒಣಗಿದವು. ನೆರಳೂ ಹೋಯಿತು.

ಟೈಮರ್ ಪೆಟ್ಟಿಗೆ ಸಾಮಾನ್ಯವಾಗಿ ಗ್ಯಾರೇಜಿನ ಗೋಡೆಯಲ್ಲಿ ಇರುತ್ತದೆ. ಒಂದೊಂದು ಮನೆಗೂ ಒಂದೊಂದು ಥರದ್ದು. ಫೋಟೋ ತೆಗೆದುಕೊಂಡು ಬಂದವರು ಊಟಕ್ಕೆ ಕೂರುವ ಮುಂಚೆ ನನ್ನ ಹತ್ತಿರ ಬನ್ನಿ. ನಿಮ್ಮ ಗುಂಪು ಯಾವುದು ಎಂದು ವಿಳಾಸ ಹಾಕಿ ನೋಡೋಣ. ಯಾವ ಗುಂಡಿ ಒತ್ತಬೇಕು ಎಂದು ಇಲ್ಲೇ ಬರೆದು ಕೊಡುತ್ತೇನೆ.