ಕಾಡುಬಳ್ಳಿಯ ಸೇತುವೆಯ ಕಣಿವೆ

ಕೇಳುಗ ಮಿತ್ರರೆ, ನಮಸ್ಕಾರ.

ಜಪಾನಿಗೆ ಹೊರಡುವ ನಮ್ಮವರನ್ನು ಎಲ್ಲೆಲ್ಲಿಗೆ ಹೋಗ್ತೀರಿ ಅಂತ ಕೇಳಿ ನೋಡಿ. ಟೋಕಿಯೊ, ಫ್ಯೂಜಿ ಬೆಟ್ಟ, ಕ್ಯೋಟೊ, ಒಸಾಕಾ. ಅಲ್ಲಿಗೆ ಪಟ್ಟಿ ಮುಗಿಯಿತು. 2024ರಲ್ಲಿ 3 ಕೋಟಿ 68 ಲಕ್ಷ ವಿದೇಶಿಯರು ಜಪಾನಿಗೆ ಬಂದರು. ತುಂಬಾ ಜನ ಹಿಡಿದದ್ದು ಇದೇ ದಾರಿ. ಅದೇ ವರ್ಷ ಕ್ಯೋಟೊದ ಗಿಯಾನ್ ಬಡಾವಣೆಯವರು ಬೇಸತ್ತು, ತಮ್ಮ ಖಾಸಗಿ ಓಣಿಗಳಿಗೆ ಪ್ರವಾಸಿಗರು ಬಂದರೆ 10,000 ಯೆನ್ ದಂಡ ಎಂದು ಬೋರ್ಡ್ ಹಾಕಿದರು. ಫ್ಯೂಜಿ ಹತ್ತುವ ಯೋಶಿದಾ ದಾರಿಯಲ್ಲಿ ದಿನಕ್ಕೆ 4,000 ಜನ ಸಾಕು ಎಂಬ ಮಿತಿಯೂ ಆಗಲೇ ಬಂತು.

ಅದೇ ದೇಶದ ಬೆಟ್ಟದೂರುಗಳಲ್ಲಿ ಮಾತ್ರ ಮನೆಗಳು ಬೀಗ ಹಾಕಿಕೊಂಡು ನಿಂತಿವೆ. ಬರುವವರಿಲ್ಲದೆ ಬಸ್ಸು ಕಡಿಮೆಯಾಗುತ್ತದೆ, ಬಸ್ಸಿಲ್ಲದೆ ಅಂಗಡಿ ಮುಚ್ಚುತ್ತದೆ. ಒಂದು ಕಡೆ ಉಸಿರುಗಟ್ಟುವ ಜನ, ಇನ್ನೊಂದು ಕಡೆ ಒಬ್ಬ ಅತಿಥಿ ಬಂದರೂ ಸಾಕು ಎನ್ನುವ ಊರು. ಅಂಥ ಊರುಗಳಿರುವ ಒಂದು ಕಣಿವೆಯ ವಿಷಯ ಇವತ್ತು ಹೇಳುತ್ತೇನೆ. ಅದರ ಹೆಸರು ಇಯಾ.

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಚಿಕ್ಕದು ಶಿಕೊಕು. ಅದರ ನಡುವಿನ ಬೆಟ್ಟಸಾಲಿನಲ್ಲಿ, ತೊಕುಶಿಮಾ ಪ್ರಾಂತ್ಯದಲ್ಲಿದೆ ಇಯಾ. 1988ರಲ್ಲಿ ಶಿಕೊಕುವನ್ನು ಮುಖ್ಯ ದ್ವೀಪಕ್ಕೆ ಜೋಡಿಸುವ ಸೆತೊ ಸೇತುವೆ ಆಗುವ ತನಕ, ರೈಲಿನಲ್ಲಿ ಬಂದವರೂ ಸಮುದ್ರ ದಾಟಲು ಹಡಗು ಹತ್ತಬೇಕಿತ್ತು. ಈಗ ಮುಖ್ಯ ದ್ವೀಪದ ಒಕಾಯಾಮಾ ನಗರದಲ್ಲಿ ಬುಲೆಟ್ ಟ್ರೇನ್ ಇಳಿದು, 'ನಾನ್ಪು' ಎಂಬ ಎಕ್ಸ್‌ಪ್ರೆಸ್ ಹತ್ತಿದರೆ ಸಾಕು. ಎರಡು ಗಂಟೆಯೊಳಗೆ ಓಬೊಕೆ ಎಂಬ ಪುಟ್ಟ ಸ್ಟೇಷನ್ನಿಗೆ ತಲುಪುತ್ತೀರಿ. ಪಕ್ಕದಲ್ಲೇ ಯೋಶಿನೊ ನದಿ, ಎರಡೂ ಬದಿಗೆ ಕಡಿದಾದ ಬಂಡೆ.

1185ರಲ್ಲಿ ಹೈಕೆ ವಂಶದವರು ಗೆಂಜಿಗಳ ಎದುರು ಯುದ್ಧ ಸೋತರು. ಉಳಿದವರಲ್ಲಿ ಕೆಲವರು ಈ ಕಾಡಿಗೆ ಬಂದು ಅಡಗಿದರು ಎಂದು ಇಲ್ಲಿಯವರು ಹೇಳುತ್ತಾರೆ. ವೈರಿಗಳು ಬಂದರೆ ತಕ್ಷಣ ಕಡಿದುಹಾಕಲೆಂದು ಹೊಳೆಗೆ ಬಳ್ಳಿಯ ಸೇತುವೆ ಕಟ್ಟಿದರಂತೆ. ಕಥೆ ಎಷ್ಟು ನಿಜವೋ, ಸೇತುವೆಯಂತೂ ಇದೆ. ಕಝುರಬಾಶಿ ಎನ್ನುತ್ತಾರೆ. ಉದ್ದ 45 ಮೀಟರ್, ಅಗಲ 2 ಮೀಟರ್, ಕೆಳಗೆ 14 ಮೀಟರ್ ಆಳದಲ್ಲಿ ನೀರು. ಕಾಡಿನಿಂದ ತಂದ ದಪ್ಪ ಬಳ್ಳಿಗಳನ್ನು ಹೆಣೆದು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಒಳಗೆ ಉಕ್ಕಿನ ತಂತಿ ಇದೆ, ಹೆದರಬೇಕಿಲ್ಲ. ಆದರೆ ಕಾಲಿಟ್ಟ ಮೇಲೆ ಆ ಧೈರ್ಯ ನಿಲ್ಲುವುದು ಕಷ್ಟ. ಒಂದು ಮರದ ಪಟ್ಟಿಗೂ ಇನ್ನೊಂದಕ್ಕೂ ನಡುವೆ ಪಾದ ಇಳಿಯುವಷ್ಟು ಸಂದು. ಆ ಸಂದಿನಲ್ಲಿ ಹಸಿರು ನೀರು ಹರಿಯುವುದು ಕಾಣುತ್ತದೆ. ಹೆಜ್ಜೆ ಇಟ್ಟಾಗಲೆಲ್ಲ ಬಳ್ಳಿ ಕಿರ್ರ್ ಎನ್ನುತ್ತದೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋದ ಮಲೆನಾಡಿನವರಿಗೆ ಆ ನಡುಕ ಏನೆಂದು ಗೊತ್ತಿರುತ್ತದೆ ಅಲ್ವಾ?

ಈ ಸೇತುವೆಗೆ ಟೂರ್ ಬಸ್ಸುಗಳೂ ಬರುತ್ತವೆ. ಬೆಳಿಗ್ಗೆಯೇ ಹೋಗಿಬಿಡಿ. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಕಣಿವೆಯ ಇನ್ನೂ ಒಳಗಿರುವ ಜೋಡಿ ಸೇತುವೆ. ಗಂಡ ಸೇತುವೆ, ಹೆಂಡತಿ ಸೇತುವೆ ಅಂತಲೇ ಕರೆಯುತ್ತಾರೆ. ಪಕ್ಕದಲ್ಲಿ ಹಗ್ಗಕ್ಕೆ ತೂಗುಹಾಕಿದ ಒಂದು ಮರದ ತೊಟ್ಟಿಲಿದೆ. ಅದರಲ್ಲಿ ಕೂತು, ನೀವೇ ಹಗ್ಗ ಜಗ್ಗಿಕೊಂಡು ಹೊಳೆ ದಾಟಬೇಕು. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ.

ಅಲ್ಲಿಗೆ ಹೋಗುವ ದಾರಿಯಲ್ಲೇ ನಾಗೊರೊ ಸಿಗುತ್ತದೆ. ದೂರದಿಂದ ನೋಡಿದರೆ ಊರು ತುಂಬಾ ಜನ. ಬಸ್‌ಸ್ಟಾಪಿನಲ್ಲಿ ಕಾಯುವವರು, ಹೊಲದಲ್ಲಿ ಬಗ್ಗಿದವರು, ಜಗಲಿಯಲ್ಲಿ ಕೂತವರು. ಹತ್ತಿರ ಹೋದರೆ ಎಲ್ಲರೂ ಬೊಂಬೆಗಳು. ಒಸಾಕಾದಿಂದ ಊರಿಗೆ ಮರಳಿದ ಒಬ್ಬ ಹೆಂಗಸು, ಬಿತ್ತಿದ ಬೀಜವನ್ನು ಕಾಗೆ ತಿನ್ನುತ್ತದೆ ಎಂದು ತಂದೆಯ ಹಾಗೆ ಕಾಣುವ ಒಂದು ಬೆರ್ಚಪ್ಪ ಮಾಡಿದರು. ಆಮೇಲೆ ಸತ್ತವರ, ಊರು ಬಿಟ್ಟವರ ಬೊಂಬೆಗಳನ್ನೂ ಮಾಡತೊಡಗಿದರು. ಈಗ ಊರಲ್ಲಿ ಜನರಿಗಿಂತ ಬೊಂಬೆಗಳೇ ಎಷ್ಟೋ ಪಟ್ಟು ಜಾಸ್ತಿ. ಶಾಲೆ 2012ರಲ್ಲಿ ಮುಚ್ಚಿತು. ಕೊನೆಯಲ್ಲಿ ಉಳಿದಿದ್ದ ಇಬ್ಬರು ಮಕ್ಕಳು ತಮ್ಮದೇ ಬೊಂಬೆ ಮಾಡಿ ಕ್ಲಾಸಿನಲ್ಲಿ ಕೂರಿಸಿ ಹೋದರು. ದಯವಿಟ್ಟು ಇಲ್ಲಿ ಸುಮ್ನೆ ಫೋಟೋ ತೆಗೆದು ಓಡಬೇಡಿ. ಸ್ವಲ್ಪ ಹೊತ್ತು ನಿಲ್ಲಿ, ಎದುರಾದ ಅಜ್ಜಿಗೆ ಒಂದು ನಮಸ್ಕಾರ ಹೇಳಿ.

ಉಳಿದುಕೊಳ್ಳಲು ಹುಲ್ಲು ಹೊದಿಸಿದ ಹಳೆಯ ಮನೆಗಳಿವೆ. ಅಲೆಕ್ಸ್ ಕೆರ್ ಎಂಬ ಅಮೆರಿಕನ್, 1970ರ ದಶಕದಲ್ಲಿ ಇಲ್ಲಿ ಪಾಳುಬಿದ್ದ ಒಂದು ಮನೆ ಕೊಂಡು ರಿಪೇರಿ ಮಾಡಿದರು. ಎಷ್ಟೋ ವರ್ಷಗಳ ನಂತರ ಓಚಿಯಾಯ್ ಎಂಬ ಕಡಿದಾದ ಊರಿನಲ್ಲೂ ಅಂಥ ಮನೆಗಳು ಅವರ ಮುತುವರ್ಜಿಯಲ್ಲಿ ಅತಿಥಿಗೃಹಗಳಾದವು. ನೆಲದಲ್ಲೇ ಚೌಕದ ಒಲೆ. ಅದರ ಹೊಗೆಯಿಂದ ಮಾಡಿನ ಹುಲ್ಲಿಗೆ ಹುಳ ಹಿಡಿಯುವುದಿಲ್ಲ.

ಊಟದ ವಿಷಯ ಹೇಳಲೇಬೇಕು. ಇಲ್ಲಿಯ ವಿಶೇಷ ಸೋಬಾ ಶಾವಿಗೆ. ಉತ್ತರದವರು ಉಪವಾಸಕ್ಕೆ ಬಳಸುತ್ತಾರಲ್ಲ, ಆ ಕುಟ್ಟು ಹಿಟ್ಟಿನದು. ಬೇರೆ ಹಿಟ್ಟು ಬೆರೆಸುವುದು ಕಡಿಮೆ, ಹಾಗಾಗಿ ದಪ್ಪ, ಬೇಗ ತುಂಡಾಗುತ್ತದೆ. ಅದರ ಸಾರಿಗೆ ಒಣಮೀನಿನ ರಸ ಹಾಕುವುದು ಅಲ್ಲಿ ಸಾಮಾನ್ಯ. ಸಸ್ಯಾಹಾರಿಗಳು ರೂಮ್ ಬುಕ್ ಮಾಡುವಾಗಲೇ ಮೀನಿನ ರಸವೂ ಬೇಡ ಎಂದು ಬಿಡಿಸಿ ಬರೆಯಬೇಕು. ಬರೀ 'ಮಾಂಸ ಬೇಡ' ಎಂದರೆ ಸಾಲದು. ಕಡ್ಲೆಪುಡಿ, ಚಟ್ನಿಪುಡಿ ಜೊತೆಗಿದ್ದರೆ ಒಳ್ಳೆಯದೇ.

ಹೋಗುವುದಾದರೆ ಎರಡು ರಾತ್ರಿಯಾದರೂ ಇರಿ. ಹಗಲು ಬಂದು ಹಗಲೇ ಹೋದರೆ ಊರಿಗೆ ದುಡ್ಡೂ ಉಳಿಯುವುದಿಲ್ಲ, ನಿಮಗೆ ಊರೂ ಸಿಗುವುದಿಲ್ಲ. ನವೆಂಬರಿನಲ್ಲಿ ಬೆಟ್ಟವೆಲ್ಲ ಕೆಂಪಾಗುತ್ತದೆ, ಏಪ್ರಿಲ್, ಮೇ ಕೂಡ ಚೆನ್ನ. ಕೈಯಲ್ಲಿ ನಗದು ಯೆನ್ ಇರಲಿ, ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದೆ ಇರಬಹುದು. ಬಸ್ಸು ದಿನಕ್ಕೆ ಕೆಲವೇ ಕೆಲವು. ಇಳಿದ ಕೂಡಲೇ ವಾಪಸ್ ಬಸ್ಸಿನ ವೇಳೆ ಬರೆದುಕೊಳ್ಳಿ. ತಪ್ಪಿಹೋದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕಾದೀತು.

ನಮಸ್ಕಾರ.